ಕಾರಿನ ಎಸಿ ಕೆಟ್ಟರೆ ಪುಣೆಯಲ್ಲಿ ಎಲ್ಲಿಗೆ ಒಯ್ಯುವುದು? ನಾಲ್ಕು ದಾರಿಗಳ ಹೋಲಿಕೆ

ಈ ಬೇಸಿಗೆಯಲ್ಲಿ ಪರಿಚಯದ ಮೂವರು ನನಗೆ ಒಂದೇ ಪ್ರಶ್ನೆ ಕೇಳಿದರು. ಎಸಿ ತಣ್ಣಗೆ ಬರುತ್ತಿಲ್ಲ, ಕಾರನ್ನು ಎಲ್ಲಿಗೆ ಕೊಡಲಿ? ಒಬ್ಬರು ಹಿಂಜವಡಿಯಲ್ಲಿ ಕೆಲಸ ಮಾಡುವವರು, ಕಾರು ಕೊಂಡು ಎರಡು ವರ್ಷ ಆಗಿದೆ. ಇನ್ನೊಬ್ಬರ ಮನೆ ನಿಗಡಿಯಲ್ಲಿ, 11 ವರ್ಷದ ಹ್ಯಾಚ್‌ಬ್ಯಾಕ್. ಮೂರನೆಯವರು ವಯಸ್ಸಾದ ಅಮ್ಮನನ್ನು ಕೂರಿಸಿಕೊಂಡು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಬರುತ್ತಾರೆ. ಮೂವರಿಗೂ ಬೇರೆ ಬೇರೆ ಉತ್ತರ ಹೇಳಿದೆ. ಯಾಕೆ ಹಾಗೆ ಅಂತ ಫೋನಿನಲ್ಲಿ ಪೂರ್ತಿ ಬಿಡಿಸಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಕಾರಿನ ಎಸಿ ಮಾರ್ಚ್‌ನಲ್ಲಿ ಮಂಕಾಯಿತು. ಹತ್ತಿರದ ಗ್ಯಾರೇಜಿನವನು ಬಾನೆಟ್ ತೆಗೆದು ನೋಡಿ "ಸಾಹೇಬ, ಗ್ಯಾಸ್ ಸಂಪ್ಲಾ" ಅಂದ, ಗ್ಯಾಸ್ ಮುಗಿದಿದೆ ಅಂತ. ತುಂಬಿಸಿದೆ. ಏಪ್ರಿಲ್ ಕೊನೆಗೆ ಮತ್ತೆ ಬಿಸಿಗಾಳಿ. ಬೇರೆ ಕಡೆ ಹೋದೆ, ಅಲ್ಲೂ ಅದೇ ಮಾತು, ಅದೇ ಗ್ಯಾಸ್. ಜೂನ್ ಹೊತ್ತಿಗೆ ಮೂರನೆಯ ಸಲ ತುಂಬಿಸಿದ್ದೆ. ಆಮೇಲೆ ಎಸಿ ಕೆಲಸವನ್ನಷ್ಟೇ ಮಾಡುವ ಒಬ್ಬರು ಹತ್ತು ನಿಮಿಷ ಟಾರ್ಚ್ ಹಿಡಿದು ನೋಡಿ, ಕಂಡೆನ್ಸರಿಗೆ (ಕಾರಿನ ಮುಂದುಗಡೆ ಇದ್ದು ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಪೈಪು ಸೇರುವ ಜಾಗದಲ್ಲಿ ಎಣ್ಣೆಯ ಜಿಡ್ಡು ತೋರಿಸಿದರು. ಒಂದು ರಬ್ಬರ್ ಓ-ರಿಂಗ್ ಸವೆದು ಹೋಗಿತ್ತು, ಅಷ್ಟೇ. ಆ ರಿಂಗಿನ ಬೆಲೆ ನೂರು ರೂಪಾಯಿಯೂ ಇರಲಿಲ್ಲ.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೋರುವುದು ಸಹಜ. ಆದರೆ ಎರಡು ತಿಂಗಳಲ್ಲಿ ಕಡಿಮೆಯಾದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ತೂತು ಹುಡುಕದೆ ತುಂಬಿಸುವ ಗ್ಯಾಸು ಗಾಳಿಗೆ ಹೋಗುತ್ತದೆ. ಸುತ್ತಮುತ್ತ ಓಡುವ ಬಹುಪಾಲು ಕಾರುಗಳಲ್ಲಿ ಇರುವುದು ಆರ್-134ಎ ಅನ್ನುವ ಗ್ಯಾಸ್. ಭೂಮಿ ಬಿಸಿ ಮಾಡುವುದರಲ್ಲಿ ಒಂದು ಕಿಲೋ ಆರ್-134ಎ ಸಾವಿರದ ಮುನ್ನೂರು ಕಿಲೋ ಕಾರ್ಬನ್ ಡೈಆಕ್ಸೈಡಿಗಿಂತ ಕಮ್ಮಿಯಿಲ್ಲ. ಹಾಗಾಗಿ ಸೋರಿಕೆ ನಮ್ಮ ಜೇಬಿನ ವಿಷಯ ಮಾತ್ರ ಅಲ್ಲ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಎಲ್ಲಕ್ಕಿಂತ ಮೊದಲನೆಯದು, ಅವರು ಕಾರಣ ಹುಡುಕುತ್ತಾರೋ ಇಲ್ಲವೋ. ಎರಡನೆಯದು ಖರ್ಚು, ಅದೂ ಇವತ್ತಿನ ಬಿಲ್ಲಲ್ಲ, ಅದೇ ತೊಂದರೆಗೆ ಆರು ತಿಂಗಳಲ್ಲಿ ಒಟ್ಟು ಎಷ್ಟು ಹೋಗುತ್ತದೆ ಅನ್ನುವುದು. ಮೂರನೆಯದು ವಾರಂಟಿ, ಕಾರಿನದೂ ಸರಿ, ಮಾಡಿದ ಕೆಲಸದ್ದೂ ಸರಿ. ಆಮೇಲೆ ಕಾರು ಎಷ್ಟು ದಿನ ಅಲ್ಲಿ ನಿಲ್ಲುತ್ತದೆ. ಕೊನೆಗೆ, ಗ್ಯಾಸನ್ನು ತೂಕ ಮಾಡಿ ಹಾಕುತ್ತಾರೋ ಅಂದಾಜಿನಲ್ಲಿ ಹಾಕುತ್ತಾರೋ. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಬಾನೆಟ್ ಕೆಳಗೆ ಒಂದು ಸ್ಟಿಕ್ಕರ್ ಇರುತ್ತದೆ, ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರ ಮೇಲೆ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಅರ್ಧ ಕಿಲೋಗಿಂತ ಕಡಿಮೆಯೇ ಇರುವುದು ಹೆಚ್ಚು. ಅಷ್ಟು ಕಡಿಮೆ ಇರುವಾಗ ನೂರು ಗ್ರಾಂ ಆಚೀಚೆ ಆದರೂ ತಂಪು ಕಡಿಮೆಯಾಗುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ತಿಳಿದವರಿದ್ದಾರೆ, ಅದು ತಪ್ಪು. ಜಾಸ್ತಿಯಾದರೆ ಒತ್ತಡ ಏರಿ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೇ ಏಟು.

ಕೊಡುವ ಮುಂಚೆ ಮನೆಯಲ್ಲೇ ಹದಿನೈದು ನಿಮಿಷ

ಎಲ್ಲಿಗೆ ಒಯ್ಯಬೇಕು ಅನ್ನುವುದು ತೊಂದರೆ ಏನು ಅನ್ನುವುದರ ಮೇಲೆ ನಿಂತಿದೆ. ಅದನ್ನು ಅರ್ಧ ನಾವೇ ಕಂಡುಹಿಡಿಯಬಹುದು. ಪೈಪು ಮಾತ್ರ ಬಿಚ್ಚಬೇಡಿ. ಆ ಗ್ಯಾಸ್ ಹೊರಗೆ ಬಂದರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು, ಕೈಗೋ ಕಣ್ಣಿಗೋ ತಾಗಿದರೆ ಸುಟ್ಟ ಹಾಗೇ ಆಗುತ್ತದೆ. ಸುಮ್ನೆ ನೋಡುವುದು, ಕೇಳಿಸಿಕೊಳ್ಳುವುದು, ಇಷ್ಟು ಸಾಕು. ಕಾರು ಬಯಲಲ್ಲಿ ನಿಂತಿರಲಿ, ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸುತ್ತಾ ಕೂರಬೇಡಿ.

ಗಾಳಿಯೇ ಬರುತ್ತಿಲ್ಲವೋ, ಬರುತ್ತಿದ್ದರೂ ತಣ್ಣಗಿಲ್ಲವೋ? ಇದು ಮೊದಲ ಪ್ರಶ್ನೆ. ಗಾಳಿಯೇ ಇಲ್ಲ ಅಂದರೆ ಫ್ಯೂಸ್ ಅಥವಾ ಒಳಗೆ ಗಾಳಿ ಊದುವ ಬ್ಲೋವರ್ ಮೋಟಾರು. ಫ್ಯಾನು ನಾಲ್ಕನೇ ನಂಬರಿನಲ್ಲಿ ಮಾತ್ರ ತಿರುಗಿ ಒಂದು, ಎರಡು, ಮೂರರಲ್ಲಿ ಸುಮ್ಮನಿದ್ದರೆ ಅದರ ವೇಗ ಬದಲಿಸುವ ಬ್ಲೋವರ್ ರೆಸಿಸ್ಟರ್ ಹೋಗಿರುತ್ತದೆ. ಅದು ಸಣ್ಣ ಭಾಗ, ಗ್ಯಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಾಳಿ ಬರುತ್ತದೆ ಆದರೆ ಸೊರಗಿದೆ ಅಂದರೆ ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ಹಿಂಜವಡಿ ಕಡೆಯ ಧೂಳಿನಲ್ಲಿ ದಿನಾ ಓಡಾಡುವ ಕಾರಿನ ಫಿಲ್ಟರ್ ತೆಗೆದು ನೋಡಿದರೆ ಗೊತ್ತಾಗುತ್ತದೆ, ಉಸಿರೇ ಕಟ್ಟಿರುತ್ತದೆ. ಕೆಲವು ಕಾರುಗಳ ಕೆಳಗಿನ ಮಾಡೆಲ್‌ಗಳಲ್ಲಿ ಜಾಗ ಇರುತ್ತದೆ, ಫಿಲ್ಟರೇ ಇರುವುದಿಲ್ಲ. ಆಗ ಧೂಳೆಲ್ಲ ನೇರ ಕೂಲಿಂಗ್ ಕಾಯಿಲ್ ಮೇಲೆ ಕೂರುತ್ತದೆ.

ಗಾಳಿ ಜೋರಾಗಿದೆ, ತಂಪಿಲ್ಲ. ಹಾಗಾದರೆ ಎಂಜಿನ್ ಚಾಲೂ ಇಟ್ಟು, ಒಳಗೆ ಒಬ್ಬರು ಎಸಿ ಬಟನ್ ಒತ್ತಲಿ, ನೀವು ಬಾನೆಟ್ ಹತ್ತಿರ ಕೈ ಹಾಕದೆ ನಿಂತು ಕೇಳಿ. ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿದ ಸದ್ದು ಬರಬೇಕು, ಎಂಜಿನ್ ಸದ್ದು ಒಂಚೂರು ಬದಲಾಗಬೇಕು. ಕೆಲವು ಹೊಸ ಕಾರುಗಳ ಕಂಪ್ರೆಸರಿನಲ್ಲಿ ಕ್ಲಚ್ ಇಲ್ಲ, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಆಮೇಲೆ ಕಾರಿನ ಮುಂದುಗಡೆ ಕಂಡೆನ್ಸರಿಗೆ ಗಾಳಿ ಕೊಡುವ ಫ್ಯಾನು ತಿರುಗುತ್ತಿದೆಯಾ ನೋಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ತಣ್ಣಗೆ ಇದ್ದು ಚಾಂದನಿ ಚೌಕದ ಟ್ರಾಫಿಕ್ಕಿನಲ್ಲಿ ನಿಂತ ಕೂಡಲೇ ಬಿಸಿಗಾಳಿ ಬರುತ್ತದೆ ಅಂದರೆ ಅನುಮಾನ ಮೊದಲು ಆ ಫ್ಯಾನಿನ ಮೇಲೆ, ಇಲ್ಲವೇ ಕೆಸರು ಮೆತ್ತಿದ ಕಂಡೆನ್ಸರ್ ಮೇಲೆ. ಓಡುವಾಗ ಎದುರುಗಾಳಿ ಫ್ಯಾನಿನ ಕೆಲಸ ಮಾಡಿಬಿಡುತ್ತದೆ, ನಿಂತಾಗ ಮಾಡುವವರು ಯಾರೂ ಇಲ್ಲ. ಇಂಥ ಕಾರಿಗೂ ಗ್ಯಾಸ್ ತುಂಬಿಸಿ ಕಳಿಸಿದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು ಲಕ್ಷಣ ಊರಿಗೆ ಹೋಗುವವರಿಗೆ ಗೊತ್ತಿರಬೇಕು. ಸಾತಾರಾ ದಾಟುವವರೆಗೆ ಎಸಿ ಭರ್ಜರಿ, ಕರಾಡ್ ಹತ್ತಿರ ಗಾಳಿ ಸಣ್ಣಗಾಗುತ್ತಾ ಬಂದು ನಿಂತೇಹೋಗುತ್ತದೆ. ಹತ್ತು ನಿಮಿಷ ಎಸಿ ಬಂದ್ ಮಾಡಿ ಫ್ಯಾನು ಮಾತ್ರ ಇಟ್ಟರೆ ಮತ್ತೆ ಸರಿ. ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೆ ಹೀಗಾಗುತ್ತದೆ. ಸೆನ್ಸರ್ ಕೆಟ್ಟಿರಬಹುದು, ಫಿಲ್ಟರ್ ಕಟ್ಟಿರಬಹುದು, ಗ್ಯಾಸ್ ಸ್ವಲ್ಪ ಕಮ್ಮಿ ಇದ್ದರೂ ಹೀಗಾಗುತ್ತದೆ. ಖಂಬಾಟ್ಕಿ ಘಾಟ್ ಏರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಸಿ ಕ್ಷಣಹೊತ್ತು ಕೈಬಿಟ್ಟರೆ ಹೆದರಬೇಡಿ, ಎಂಜಿನ್ನಿಗೆ ಶಕ್ತಿ ಉಳಿಸಲು ಬಹಳ ಕಾರುಗಳು ಹಾಗೆ ಮಾಡುತ್ತವೆ. ಮಳೆಗಾಲದಲ್ಲಿ ಎಡಗಡೆ ಕಾಲಿನ ಮ್ಯಾಟ್ ಒದ್ದೆಯಾದರೆ ನೀರು ಹೊರಹೋಗುವ ನಳಿಕೆ ಕಟ್ಟಿರುತ್ತದೆ, ಅದು ಅಗ್ಗದ ಕೆಲಸ.

ಹೀಟರ್ ಮರೆಯಬೇಡಿ

ಪುಣೆಯಲ್ಲಿ ಹೀಟರ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಡಿಸೆಂಬರ್ ಬೆಳಗ್ಗೆ ಆರಕ್ಕೆ ಹೊರಟು ನೋಡಿ. ಜುಲೈನಲ್ಲಿ ಲೋಣಾವಳಾ ಘಾಟಿನಲ್ಲೋ ಆಂಬೋಲಿಯಲ್ಲೋ ಗಾಜು ಮಂಜಾದಾಗ ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಬೇಕು. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತದೆ, ಗಾಜು ಬೇಗ ತಿಳಿಯಾಗುತ್ತದೆ. ಆ ಹೊತ್ತಿನಲ್ಲಿ ಇದು ಸುರಕ್ಷತೆಯ ವಿಷಯ.

ಹೀಟರಿಗೆ ಗ್ಯಾಸ್ ಬೇಡ. ಎಂಜಿನ್ ಬಿಸಿ ಹೊತ್ತ ಕೂಲೆಂಟ್ ನೀರೇ ಡ್ಯಾಶ್‌ಬೋರ್ಡಿನೊಳಗಿನ ಸಣ್ಣ ರೇಡಿಯೇಟರಿಗೆ ಬರುತ್ತದೆ. ಹಾಗಾಗಿ ಬಿಸಿ ಬರುತ್ತಿಲ್ಲ ಅಂದರೆ ಮೊದಲು ಕೂಲೆಂಟ್ ಮಟ್ಟ ನೋಡಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ತಾಪಮಾನದ ಮುಳ್ಳು ಎಷ್ಟು ಓಡಿಸಿದರೂ ಮಧ್ಯಕ್ಕೆ ಬರದಿದ್ದರೆ ಕೂಲೆಂಟ್ ಹರಿವನ್ನು ಹಿಡಿದು ಬಿಡುವ ಥರ್ಮೋಸ್ಟಾಟ್ ತೆರೆದೇ ನಿಂತಿದೆ ಅಂತ ಅನುಮಾನ ಪಡಬಹುದು. ಒಳಗೆ ಸಿಹಿ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಮ್ಯಾಟಿನಲ್ಲಿ ಅಂಟಂಟು ತೇವ ಇದ್ದರೆ ಹೀಟರ್ ಕೋರ್, ಅಂದರೆ ಆ ಸಣ್ಣ ರೇಡಿಯೇಟರ್, ಸೋರುತ್ತಿದೆ. ಅದನ್ನು ಮುಂದೂಡಬೇಡಿ, ಕೂಲೆಂಟ್ ಖಾಲಿಯಾದರೆ ಎಂಜಿನ್ನೇ ಹೋಗುತ್ತದೆ.

ಇಲ್ಲೊಂದು ಮೋಸದ ತಿರುವು ಇದೆ. ತಂಪು, ಬಿಸಿ ಎರಡನ್ನೂ ಬೆರೆಸುವ ಒಂದು ಬಾಗಿಲು ಡ್ಯಾಶ್‌ಬೋರ್ಡಿನೊಳಗಿದೆ. ಅದರ ಕೇಬಲ್ ಕಳಚಿದರೆ ಅಥವಾ ಮೋಟಾರು ಕೆಟ್ಟರೆ ತಣ್ಣಗಾದ ಗಾಳಿಗೆ ಬಿಸಿಗಾಳಿ ಸೇರುತ್ತಲೇ ಇರುತ್ತದೆ. ಎಸಿ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ನಮಗೆ ಮಾತ್ರ ಉಗುರುಬೆಚ್ಚಗಿನ ಗಾಳಿ. ಬಾನೆಟ್ ಕೆಳಗೆ ಎಸಿಯ ದಪ್ಪ ಪೈಪು ತಣ್ಣಗೆ ಬೆವರುತ್ತಿದ್ದು ಒಳಗೆ ಮಾತ್ರ ತಂಪಿಲ್ಲ ಅಂದರೆ ಈ ಬಾಗಿಲನ್ನು ನೆನಪಿಸಿಕೊಳ್ಳಿ. ಗುಂಡಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಟಿಕ್ ಟಿಕ್ ಸದ್ದು ಬಂದರೂ ಇದೇ.

ಈಗ ನಾಲ್ಕು ದಾರಿ

ಕಂಪನಿ ಸರ್ವಿಸ್ ಸೆಂಟರ್. ಕಾರು ವಾರಂಟಿಯಲ್ಲಿದ್ದರೆ ಬೇರೆ ಯೋಚನೆಯೇ ಬೇಡ, ಇಲ್ಲಿಗೇ ಹೋಗಿ. ಹೊರಗೆ ಯಾರೋ ಪೈಪು ಬಿಚ್ಚಿದ್ದಾರೆ ಅಂತ ಗೊತ್ತಾದರೆ ಆ ಭಾಗದ ವಾರಂಟಿಗೆ ತಕರಾರು ಬರುತ್ತದೆ. ಹೊಸ ಕಾರುಗಳಲ್ಲಿ ಎಸಿ ಎಲೆಕ್ಟ್ರಾನಿಕ್ಸ್ ಜಾಸ್ತಿ, ಸ್ಕ್ಯಾನರ್ ಹಾಕಿ ಸೆನ್ಸರ್ ಓದಲು ಇವರಿಗೆ ಅನುಕೂಲ. ಗ್ಯಾಸ್ ಹೀರಿ ತೆಗೆದು, ತೂಕ ಮಾಡಿ ಹಾಕುವ ಯಂತ್ರ ದೊಡ್ಡ ಸೆಂಟರುಗಳಲ್ಲಿ ಇರುತ್ತದೆ. ಕೊರತೆ ಏನೆಂದರೆ ಇಲ್ಲಿ ರಿಪೇರಿಗಿಂತ ಬದಲಾವಣೆ ಜಾಸ್ತಿ. ಪೈಪಿನ ತುದಿಯಲ್ಲಿ ಸಣ್ಣ ಸೋರಿಕೆ ಇದ್ದರೂ ಪೂರ್ತಿ ಪೈಪೇ ಹೊಸದು. ಹಳೆ ಕಾರಿನ ಮಾಲೀಕರಿಗೆ ಇದು ಭಾರ. ಬೇಸಿಗೆಯಲ್ಲಿ ತಾರೀಖು ಸಿಗುವುದೂ ತಡ.

ಎಸಿ ಮಾತ್ರ ಮಾಡುವ ಅಂಗಡಿ. ವಾರಂಟಿ ಮುಗಿದ ಕಾರಿಗೆ ನನ್ನ ಮೊದಲ ಆಯ್ಕೆ ಇದು. ಒಳ್ಳೆಯವರು ಮೊದಲು ಎರಡು ಗೇಜ್ ಜೋಡಿಸಿ ಒತ್ತಡ ನೋಡುತ್ತಾರೆ. ಆಮೇಲೆ ನೈಟ್ರೋಜನ್ ತುಂಬಿ ಸೋಪು ನೊರೆ ಹಚ್ಚುತ್ತಾರೆ, ಅಥವಾ ಹೊಳೆಯುವ ಬಣ್ಣ ಹಾಕಿ ನೀಲಿ ದೀಪದಲ್ಲಿ ಹುಡುಕುತ್ತಾರೆ. ಓ-ರಿಂಗ್, ಪೈಪಿನ ತುದಿ, ಕ್ಲಚ್‌ನಂಥ ಸಣ್ಣ ಕೆಲಸ ಬಿಡಿಬಿಡಿಯಾಗಿ ಮಾಡಿಕೊಡುತ್ತಾರೆ. ಬಿಡಿಭಾಗ ನೀವೇ ತರುವುದಾದರೆ ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠ್ ಇದೆ, ಆದರೆ ಅಸಲಿ ಯಾವುದು ನಕಲಿ ಯಾವುದು ಗುರುತಿಸುವವರು ಜೊತೆಗಿರಬೇಕು. ಕಷ್ಟ ಇರುವುದು ಒಳ್ಳೆಯ ಅಂಗಡಿ ಹುಡುಕುವುದರಲ್ಲಿ. ನನಗೆ ಒಂದೇ ಪರೀಕ್ಷೆ ಸಾಕು. ಮರಾಠಿಯಲ್ಲಿ ಹೀಗೆ ಹೇಳಿ, "ಆಧೀ ಲೀಕೇಜ್ ದಾಖವಾ, ಮಗ್ ಗ್ಯಾಸ್ ಭರಾ." ಮೊದಲು ಸೋರಿಕೆ ತೋರಿಸಿ, ಆಮೇಲೆ ಗ್ಯಾಸ್ ತುಂಬಿ ಅಂತ. ಇದಕ್ಕೆ ಬೇಜಾರು ಮಾಡಿಕೊಳ್ಳುವವರಾದರೆ ಕಾರು ತಿರುಗಿಸಿಕೊಂಡು ಬನ್ನಿ. ಗ್ಯಾಸ್ ಹಾಕುವ ಮುಂಚೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಯುತ್ತಾರಾ, ಅಂದರೆ ಪೈಪಿನೊಳಗಿನ ಗಾಳಿ, ತೇವ ಪಂಪಿನಿಂದ ಹೊರಗೆಳೆಯುತ್ತಾರಾ ಅಂತಲೂ ಕೇಳಿ. ಪೈಪಿನೊಳಗೆ ತೇವ ಉಳಿದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಗಲ್ಲಿ ಗ್ಯಾರೇಜು. ಇವರನ್ನು ಕಡೆಗಣಿಸುವುದು ಸರಿಯಲ್ಲ. ಫ್ಯೂಸ್, ರಿಲೇ, ಬೆಲ್ಟ್, ಮುಂದಿನ ಫ್ಯಾನ್, ರೆಸಿಸ್ಟರ್, ಥರ್ಮೋಸ್ಟಾಟ್, ಕೂಲೆಂಟ್, ಇಷ್ಟಕ್ಕೂ ನಮ್ಮ ಪರಿಚಯದ ಮೆಕ್ಯಾನಿಕ್ಕೇ ಸಾಕು, ಖರ್ಚು ಕಮ್ಮಿ, ಕಾರು ಸಂಜೆಗೆ ಮನೆಗೆ. ಆದರೆ ಗ್ಯಾಸಿನ ಪೈಪು ಮುಟ್ಟಿಸಬೇಡಿ. ತೂಕದ ಯಂತ್ರ ಇಲ್ಲ, ವ್ಯಾಕ್ಯೂಮ್ ಪಂಪ್ ಇರುವುದು ಅಪರೂಪ. ಅಗ್ಗದ ಡಬ್ಬಿಯಲ್ಲಿ ಬೇರೆ ಗ್ಯಾಸ್ ಬೆರೆತಿರುವ ಅಪಾಯವೂ ಇದೆ, ಕೆಲವು ಬೆಂಕಿ ಹಿಡಿಯುವಂಥವು. ಸೋರಿಕೆ ಮುಚ್ಚುವ ದ್ರವ ಅಂತ ಡಬ್ಬಿ ಸಿಗುತ್ತದೆ, ಅದನ್ನಂತೂ ಯಾರೇ ಹೇಳಿದರೂ ಹಾಕಿಸಬೇಡಿ. ಒಳಗಿನ ಸಣ್ಣ ವಾಲ್ವ್ ಕಟ್ಟಿಕೊಂಡರೆ ರಿಪೇರಿ ಇನ್ನೂ ದೊಡ್ಡದಾಗುತ್ತದೆ.

ಮನೆಗೇ ಬರುವ ಸೇವೆ. ಕಾರು ಒಯ್ಯಲು ಆಗದ ಹಿರಿಯರಿಗೆ, ರಜೆ ಸಿಗದವರಿಗೆ ಇದು ಒಳ್ಳೆಯದು. ಫಿಲ್ಟರ್ ಬದಲಿಸುವುದು, ಕಂಡೆನ್ಸರ್ ತೊಳೆಯುವುದು, ವಾಸನೆ ಹೋಗಲು ಒಳಗೆ ಫೋಮ್ ಹೊಡೆಯುವುದು, ಗೇಜ್ ಹಾಕಿ ನೋಡುವುದು ಎಲ್ಲ ಸರಿ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಸೊಸೈಟಿಯ ಪಾರ್ಕಿಂಗಿನಲ್ಲಿ ಆಗುವುದಿಲ್ಲ, ಆಗಬಾರದು.

ದೊಡ್ಡ ಖರ್ಚು ಬಂದಾಗ

ಎರಡು ಭಾಗಗಳಲ್ಲಿ ಯಾವುದು ಕೆಟ್ಟರೂ ಬಿಲ್ಲು ಜೋರು, ಕೂಲಿಂಗ್ ಕಾಯಿಲ್ ಮತ್ತು ಕಂಪ್ರೆಸರ್. ಕೂಲಿಂಗ್ ಕಾಯಿಲ್ ವಿಷಯದಲ್ಲಿ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಭಾಗಕ್ಕಿಂತ ಕೂಲಿ ದೊಡ್ಡದು. ಆದ್ದರಿಂದ ಒಳಗೆ ಅಗ್ಗದ ಕಾಯಿಲ್ ಹಾಕಿಸುವುದು ಉಳಿತಾಯ ಅಲ್ಲ, ಅದು ಸೋರಿದರೆ ಎರಡನೇ ಸಲ ಅದೇ ಕೂಲಿ ಕೊಡಬೇಕು. ಕಂಪನಿಯ ಅಥವಾ ಹೆಸರಿರುವ ತಯಾರಕರ ಕಾಯಿಲ್ಲೇ ಹಾಕಿಸಿ. ಕಂಡೆನ್ಸರ್ ಹಾಗಲ್ಲ, ಮುಂದುಗಡೆಯೇ ಇದೆ, ಬದಲಿಸುವುದು ಸುಲಭ, ಅಲ್ಲಿ ಸ್ವಲ್ಪ ಉಳಿಸಬಹುದು. ಮುಂಬೈ, ಗೋವಾದ ಸಮುದ್ರದ ಗಾಳಿಯಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಕಂಡೆನ್ಸರಿನ ತುಕ್ಕು ಒಮ್ಮೆ ನೋಡಿಸಿಕೊಳ್ಳಿ.

ಕಂಪ್ರೆಸರಿಗೆ ಮೂರು ಆಯ್ಕೆ. ಹೊಸದು ದುಬಾರಿ, ಸಣ್ಣ ಕಾರಿಗೂ ಹತ್ತಿಪ್ಪತ್ತು ಸಾವಿರದ ಮಾತು, ಆದರೆ ಐದಾರು ವರ್ಷ ಕಾರು ಇಟ್ಟುಕೊಳ್ಳುವವರಿಗೆ ಅದೇ ಸರಿ. ರಿಪೇರಿ ಮಾಡಿ ಹೊಸ ಸೀಲು, ಬೇರಿಂಗ್ ಹಾಕಿದ್ದು ಮಧ್ಯದ ದಾರಿ, ಮಾಡಿದವರು ಬರೆದು ವಾರಂಟಿ ಕೊಟ್ಟರೆ ಮಾತ್ರ. ಗುಜರಿಯಿಂದ ಬಂದ ಹಳೆಯದು ನನಗೆ ಸರಿಬರುವುದಿಲ್ಲ. ಎಷ್ಟು ದಿನ ತೆರೆದು ಬಿದ್ದಿತ್ತು, ಒಳಗೆ ತೇವ ಎಷ್ಟು ಹೋಗಿದೆ ಯಾರಿಗೆ ಗೊತ್ತು? ಒಂದೆರಡು ವರ್ಷದಲ್ಲಿ ಕಾರು ಮಾರುವವರು ಬೇಕಾದರೆ ಯೋಚಿಸಬಹುದು. ಯಾವುದೇ ಹಾಕಿಸಿ, ಹಳೆಯದು ಒಳಗೇ ಒಡೆದು ಜಾಮ್ ಆಗಿದ್ದರೆ ಲೋಹದ ಪುಡಿ ಪೈಪುಗಳಲ್ಲೆಲ್ಲ ಹರಡಿರುತ್ತದೆ. ಪೈಪು ತೊಳೆದು, ತೇವ ಹೀರುವ ಡ್ರೈಯರ್ ಮತ್ತು ಕಾಯಿಲ್ಲಿಗೆ ಹೋಗುವ ಗ್ಯಾಸನ್ನು ಹಿಡಿದು ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್ ಬದಲಿಸದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕಂಪ್ರೆಸರ್ ಬದಲಿಸಬೇಕು ಅಂತ ಯಾರಾದರೂ ಹೇಳಿದಾಗ ಕ್ಲಚ್ ಕಾಯಿಲ್, ರಿಲೇ, ಪ್ರೆಶರ್ ಸ್ವಿಚ್ ಪರೀಕ್ಷೆ ಮಾಡಿದ್ರಾ ಅಂತ ಕೇಳಿ. ಗ್ಯಾಸ್ ತೀರಾ ಕಮ್ಮಿಯಿದ್ದರೆ ಆ ಸ್ವಿಚ್ಚೇ ಕಂಪ್ರೆಸರನ್ನು ತಡೆದು ನಿಲ್ಲಿಸುತ್ತದೆ. ನಿಂತದ್ದೆಲ್ಲ ಕೆಟ್ಟದ್ದು ಅಲ್ಲ.

ಇನ್ನು ಆ ಮೂವರ ವಿಷಯ. ಹಿಂಜವಡಿಯವರಿಗೆ ಫಿಲ್ಟರ್ ತೆಗೆದು ನೋಡಿ, ಅದು ಸರಿಯಿದ್ದರೆ ನೇರ ಕಂಪನಿ ಸೆಂಟರಿಗೆ ಹೋಗಿ ಅಂದೆ. ನಿಗಡಿಯವರ ಎಸಿ ಸಿಗ್ನಲ್ಲಿನಲ್ಲಿ ಮಾತ್ರ ಬಿಸಿಯಾಗುತ್ತಿತ್ತು. ಅವರು ಕಂಪ್ರೆಸರಿಗೆ ದುಡ್ಡು ಹೊಂದಿಸುತ್ತಿದ್ದರು. ಮೊದಲು ಗಲ್ಲಿ ಮೆಕ್ಯಾನಿಕ್ಕಿಗೆ ಫ್ಯಾನು ತೋರಿಸಿ ಅಂದೆ, ಫ್ಯಾನಿನ ಮೋಟಾರೇ ಹೋಗಿತ್ತು. ಧಾರವಾಡಕ್ಕೆ ಹೋಗುವವರಿಗೆ ಮಾತ್ರ ಖರ್ಚಾದರೂ ಎಸಿ ಅಂಗಡಿಯಲ್ಲಿ ಪೂರ್ತಿ ಸೋರಿಕೆ ಪರೀಕ್ಷೆ ಮಾಡಿಸಿ ಅಂದೆ. ಮೇ ತಿಂಗಳ ಮಧ್ಯಾಹ್ನ ನಿಪ್ಪಾಣಿ ದಾಟಿ ಎಲ್ಲೋ ಎಸಿ ನಿಂತರೆ ಎಂಬತ್ತರ ಜೀವಕ್ಕೆ ಅದು ಬರೀ ಬೆವರಿನ ಮಾತಲ್ಲ, ಅಲ್ವಾ? ಪ್ರಯಾಣಕ್ಕೆ ಹಿಂದಿನ ದಿನ ಕೊಡಬೇಡಿ, ಎರಡು ವಾರ ಮುಂಚೆ ಕೊಡಿ, ಮಾಡಿದ ಕೆಲಸ ನಿಲ್ಲುತ್ತದಾ ಅಂತ ಊರೊಳಗೇ ಓಡಿಸಿ ನೋಡಲು ಸಮಯ ಸಿಗುತ್ತದೆ.

ಎಲ್ಲಿಗೇ ಕೊಟ್ಟರೂ ಬಿಲ್ಲಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ, ಸೋರಿಕೆ ಎಲ್ಲಿತ್ತು ಅಂತ ಬರೆಸಿಕೊಳ್ಳಿ. ಬದಲಿಸಿದ ಹಳೆ ಭಾಗ ಕೈಗೆ ತೆಗೆದುಕೊಳ್ಳಿ. ಕಾರು ಹೊರಡುವ ಮುಂಚೆ ಅಡುಗೆಯ ಥರ್ಮಾಮೀಟರ್ ಇದ್ದರೆ ಮಧ್ಯದ ಗಾಳಿಕಿಂಡಿಯಲ್ಲಿ ಇಟ್ಟು ಹತ್ತು ನಿಮಿಷ ನೋಡಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ, ಕಿಟಕಿ ಮುಚ್ಚಿ. ಹತ್ತು ಡಿಗ್ರಿ ಆಸುಪಾಸಿಗೆ ಇಳಿದರೆ ದುಡ್ಡು ಕೊಟ್ಟು ಹೊರಡಿ. ಆಮೇಲೆ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ, ಎಣ್ಣೆ ಸುತ್ತಾಡಿದರೆ ಸೀಲುಗಳು ಒಣಗುವುದಿಲ್ಲ.